ಗಂಡಭೇರುಂಡದ ಚೀಟಿಗಳು: ಲಾಂಛನವನ್ನು ಓದುವ ಕ್ರಮದ ವಿಮರ್ಶೆ

ಹಳೆಯ ಅಂಚೆಚೀಟಿಗಳನ್ನು ಕೂಡಿಸುವವರ ಸಂಪುಟಗಳಲ್ಲಿಯೂ ಅವುಗಳನ್ನು ಮಾರುವವರ ಪಟ್ಟಿಗಳಲ್ಲಿಯೂ ‘ಮೈಸೂರು ಸಂಸ್ಥಾನದ ಅಂಚೆಚೀಟಿ’ ಎಂಬ ಹೆಸರಿನ ಕೆಳಗೆ ಎರಡು ತಲೆಯ ಹಕ್ಕಿಯ ಚಿತ್ರವುಳ್ಳ ಸಣ್ಣ ಕಾಗದದ ತುಂಡುಗಳು ಕಾಣಸಿಗುವುದುಂಟು. ಹಕ್ಕಿಯು ಗಂಡಭೇರುಂಡವೆಂಬುದರಲ್ಲಿ ಸಂದೇಹವಿಲ್ಲ. ಗಂಡಭೇರುಂಡವು ಮೈಸೂರು ಅರಸರ ಲಾಂಛನವೆಂಬುದೂ ಸರ್ವವಿದಿತವಾದುದೇ. ಆದರೆ ಈ ಎರಡು ನಿಜಗಳಿಂದ ‘ಆದುದರಿಂದ ಇದು ಮೈಸೂರಿನ ಅಂಚೆಚೀಟಿ’ ಎಂಬ ಮೂರನೆಯ ಮಾತು ಹೊರಡುವುದಿಲ್ಲ. ತನ್ನ ಹೆಸರಿನ ಅಂಟು ಅಂಚೆಚೀಟಿಗಳನ್ನು ಹೊರಡಿಸಿದ ಸಂಸ್ಥಾನಗಳ ಸಾಲಿನಲ್ಲಿ ಮೈಸೂರು ಸೇರಿಲ್ಲ. ಮೇಲ್ಕಂಡ ತುಂಡುಗಳು ನ್ಯಾಯಾಲಯದ ಶುಲ್ಕಕ್ಕೆಂದೋ, ಪತ್ರಗಳ ಸುಂಕಕ್ಕೆಂದೋ, ರಸೀತಿಗೆಂದೋ ಅಂಟಿಸಿದ ಸರ್ಕಾರದ ಸುಂಕದ ಚೀಟಿಗಳು. ತಪ್ಪು ಅಲ್ಪವೆಂದು ತೋರಬಹುದು. ಆದರೆ ಈ ತಪ್ಪಿನ ದೆಸೆಯಿಂದ ಚೀಟಿಯನ್ನು ಪತ್ರದಿಂದ ಕತ್ತರಿಸಿಕೊಂಡು ಉಳಿದ ಕಾಗದವನ್ನು ರದ್ದಿಗೆ ಹಾಕುವ ರೂಢಿಯು ಬೆಳೆದಿರುವುದರಿಂದ, ಶಾಸನಗಳಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಆಸಕ್ತರಾದವರು ಇದನ್ನು ಹವ್ಯಾಸಿಗಳ ವಿನೋದವೆಂದು ಬಿಟ್ಟುಬಿಡುವಂತಿಲ್ಲ.

ಮೊದಲು ಶಬ್ದಗಳನ್ನು ನೋಡೋಣ. ಏಕೆಂದರೆ ಈ ಗೊಂದಲಕ್ಕೆ ಅರ್ಧ ಕಾರಣವು ನಮ್ಮ ಮಾತಿನಲ್ಲಿಯೇ ಇದೆ. ‘ಸ್ಟಾಂಪು’ ಎಂಬ ಆಡುಮಾತು ಕಾಗದಕ್ಕೆ ಅಂಟಿಸುವ ಅಂಚೆಚೀಟಿಗೂ ಸಲ್ಲುತ್ತದೆ, ರಸೀತಿಗೆ ಅಂಟಿಸುವ ಸುಂಕದ ಚೀಟಿಗೂ ಸಲ್ಲುತ್ತದೆ, ರಬ್ಬರಿನ ಮೊಹರಿಗೂ ಸಲ್ಲುತ್ತದೆ; ಕ್ರಯಪತ್ರವನ್ನು ಬರೆಯಿಸುವ ಕಾಗದವೂ ‘ಸ್ಟಾಂಪು ಪೇಪರು’. ಆದರೆ ಕನ್ನಡದಲ್ಲಿ ಇವನ್ನು ಬೇರೆಬೇರೆಯಾಗಿ ಹೇಳುವ ಮಾತುಗಳಿಲ್ಲದಿಲ್ಲ. ‘ಅಂಚೆಚೀಟಿ’ ಎಂದರೆ ಅಂಚೆಗೆ ಮಾತ್ರ ಸಂಬಂಧಪಟ್ಟುದು. ‘ಛಾಪಾಕಾಗದ’ ಎಂದರೆ ಪತ್ರ ಬರೆಯುವ ಸುಂಕದ ಕಾಗದ. ‘ಮೊಹರು’, ‘ಮುದ್ರೆ’ ಎಂಬುವು ಒತ್ತಿದ ಗುರುತುಗಳು. ಹಳ್ಳಿಯ ಶಾನುಭೋಗನು ಈ ಭೇದವನ್ನು ಎಂದೂ ಮರೆತವನಲ್ಲ; ಮರೆತಿದ್ದರೆ ಅವನು ಬರೆದ ಪತ್ರವು ಕಚೇರಿಯಲ್ಲಿ ನಿಲ್ಲುತ್ತಿರಲಿಲ್ಲ. ಮರೆತವರು ನಾವು. ಎರಡು ಬಗೆಯ ವಸ್ತುವಿಗೂ ಒಂದೇ ಹೆಸರಿಟ್ಟುಕೊಂಡು, ಅನಂತರ ಚಿತ್ರದ ಬಲದಿಂದ ಅವನ್ನು ವಿಂಗಡಿಸಹೊರಟೆವು.

‘ಅಂಚೆ’ ಎಂಬ ಶಬ್ದಕ್ಕೂ ಇಂತಹುದೇ ಒಂದು ಕಥೆಯುಂಟು. ಹಳಗನ್ನಡದಲ್ಲಿ ‘ಅಂಚೆ’ಯೆಂದರೆ ಹಂಸ, ಹಂಸವು ನಳದಮಯಂತಿಯರ ನಡುವೆ ಸಂದೇಶವನ್ನು ಒಯ್ದುದು ಪ್ರಸಿದ್ಧ, ಆದುದರಿಂದ ಕಾಗದ ಒಯ್ಯುವ ಅಂಚೆಯೂ ಹಂಸದಿಂದಲೇ ಬಂದಿತೆಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಕಲ್ಪನೆಯು ರಮ್ಯವಾದುದೇ. ಆದರೆ ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಇದೇ ಅರ್ಥದಲ್ಲಿ ‘ಅಂಚಲ್’ ಎಂಬ ಶಬ್ದವಿದೆ. ಕನ್ನಡದ ತದ್ಭವವೊಂದನ್ನೇ ನೆಮ್ಮಿದ ಈ ನಿಷ್ಪತ್ತಿಗೆ ಆ ರೂಪಗಳು ಒಗ್ಗುವುದಿಲ್ಲ. ಎರಡು ಶಬ್ದಗಳ ಧ್ವನಿಯು ಒಂದಾದ ಮಾತ್ರಕ್ಕೆ ಮೂಲವೂ ಒಂದೆನ್ನುವುದು, ಎರಡು ಚೀಟಿಗಳ ಮೇಲೆ ಹಕ್ಕಿಯು ಒಂದಾದ ಮಾತ್ರಕ್ಕೆ ಎರಡರ ಉಪಯೋಗವೂ ಒಂದೆನ್ನುವುದು—ಇವು ಒಂದೇ ಜಾತಿಯ ತರ್ಕದೋಷಗಳು.

ಮೈಸೂರಿನ ಅಂಚೆಯ ಇತಿಹಾಸವು ಚಿಕ್ಕದೇನೂ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ವ್ಯವಸ್ಥೆಗೊಂಡಿತೆಂದು ಎಲ್ಲರೂ ಒಪ್ಪುವರು. ಸ್ಥಾಪನೆಯ ವರ್ಷವನ್ನು ೧೬೭೨ ಎಂದು ಬರೆಯುವುದು ವಾಡಿಕೆಯಾಗಿದೆ; ಆದರೆ ಅದೇ ಲೇಖಕರು ಒಡೆಯರ ಆಳಿಕೆಯನ್ನು ೧೬೭೩ರಿಂದ ೧೭೦೪ರ ವರೆಗೆ ಎಂದು ಎಣಿಸಿ, ಪಟ್ಟಕ್ಕೆ ಬರುವುದಕ್ಕೆ ಮುನ್ನವೇ ಅರಸನಿಂದ ಅಂಚೆಯನ್ನು ಸ್ಥಾಪಿಸಿಸುವುದು ವಿನೋದಕರವಾಗಿದೆ. ಪಟ್ಟಾಭಿಷೇಕಕ್ಕೆ ಯಾವ ಗಣನೆಯನ್ನು ಹಿಡಿದರೋ ಅಂಚೆಗೂ ಅದನ್ನೇ ಹಿಡಿಯುವುದು ಯುಕ್ತ. ಈ ಅಂಚೆಯವರು ಓಲೆಗಳನ್ನು ಒಯ್ಯುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತಿದ್ದರೆಂದು ಕರ್ನಲ್ ವಿಲ್ಕ್ಸನು ಬರೆದಿರುವನು. ಹೈದರ್–ಟಿಪ್ಪುಗಳ ಕಾಲವನ್ನೂ, ಪೂರ್ಣಯ್ಯನವರ ದಿವಾನಗಿರಿಯನ್ನೂ, ಕಮಿಷನರರ ಆಡಳಿತವನ್ನೂ ದಾಟಿ ಬಂದ ಮೈಸೂರು ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಲೀನವಾಯಿತು. ಅಲ್ಲಿಂದ ಮುಂದೆ ಮೈಸೂರಿನ ಪ್ರಜೆಯು ತನ್ನ ಕಾಗದದ ಮೇಲೆ ಅಂಟಿಸಿದುದು ವಿಕ್ಟೋರಿಯ ರಾಣಿಯ ಮುಖವನ್ನು, ಗಂಡಭೇರುಂಡವನ್ನಲ್ಲ. ಅದಕ್ಕೆ ಹಿಂದಿನ ಮೈಸೂರು ಅಂಚೆಯ ಕಾಗದವನ್ನು ಗುರುತಿಸಬೇಕಾದುದು ಅದರ ಮೇಲೆ ಒತ್ತಿದ ಕೈಮುದ್ರೆಯಿಂದಲೂ ಬರಹದಿಂದಲೂ, ಅಂಟಿಸಿದ ಚೀಟಿಯಿಂದಲ್ಲ.

ತಿರುವಾಂಕೂರನ್ನು ಇದಕ್ಕೆ ಹೋಲಿಸಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಆ ಸಂಸ್ಥಾನವು ತನ್ನ ಅಂಚಲನ್ನು ಬಿಟ್ಟುಕೊಡದೆ ೧೮೮೮ರಲ್ಲಿ ಶಂಖದ ಚಿತ್ರವುಳ್ಳ ಚೀಟಿಗಳನ್ನು ಹೊರಡಿಸಿತು. ಕೊಚ್ಚಿಯು ೧೮೯೨ರಲ್ಲಿ ಅದೇ ಹಾದಿಯನ್ನು ಹಿಡಿಯಿತು. ಈ ಅಂಚಲು ಭಾರತದ ಅಂಚೆಯಲ್ಲಿ ಸೇರಿದುದು ೧೯೫೧ರಲ್ಲಿ. ತಿರುವಾಂಕೂರಿನ ಚೀಟಿಯಲ್ಲಿ ಶಂಖವು ಮೇಲ್ಮೈಯಲ್ಲಿ ಮಾತ್ರವಲ್ಲದೆ, ಬಲುಬೇಗ ಕಾಗದದ ಒಳಗಿನ ನೀರಚ್ಚಿನಲ್ಲಿಯೂ ಸೇರಿಕೊಂಡಿತು. ಅಲ್ಲಿ ‘ಶಂಖ, ಆದುದರಿಂದ ತಿರುವಾಂಕೂರಿನ ಅಂಚೆ’ ಎಂದರೆ ಬಹುಮಟ್ಟಿಗೆ ಸರಿಹೋಗುತ್ತದೆ. ತಿರುವಾಂಕೂರಿನಲ್ಲಿ ಕಲಿತ ಈ ಸೂತ್ರವನ್ನೇ ಮೈಸೂರಿಗೆ ತಂದವರು ಎಡವಿದರು. ಒಂದೇ ವರ್ಷದ ಅಂತರದಲ್ಲಿ ಒಂದು ಸಂಸ್ಥಾನವು ತನ್ನ ಚೀಟಿಯನ್ನು ಹುಟ್ಟಿಸಿತು, ಇನ್ನೊಂದು ತನ್ನ ಅಂಚೆಯನ್ನೇ ಒಪ್ಪಿಸಿತು. ಈ ರಾಜಕೀಯ ಭೇದವು ಲಾಂಛನದ ಚಿತ್ರದಲ್ಲಿ ಕಾಣುವಂತಹುದಲ್ಲ.

ಶಾಸನಗಳನ್ನು ಓದುವವರಿಗೆ ಇದು ಹೊಸ ಮಾತಲ್ಲ. ಶಿಲಾಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರು, ಲಿಂಗ, ಹಸುಕರು, ಕತ್ತಿ ಮುಂತಾದವು ಕೆತ್ತಿರುತ್ತವೆ. ಅವನ್ನು ನೋಡಿ ‘ಇದು ದತ್ತಿ’ ಎಂದು ಊಹಿಸಬಹುದು. ಯಾರ ದತ್ತಿ, ಯಾವ ಶಕ, ಯಾವ ಊರಿನ ಭೂಮಿ ಎಂಬುದನ್ನು ಅಕ್ಷರವೇ ಹೇಳಬೇಕು. ಚಿತ್ರವನ್ನು ಮಾತ್ರ ಅಚ್ಚೊತ್ತಿ ಅಕ್ಷರವನ್ನು ಬಿಟ್ಟ ಶಾಸನಸಂಪುಟವನ್ನು ನಾವು ಯಾರೂ ಕೈಯಿಂದ ಮುಟ್ಟಲಾರೆವು. ಅಂಚೆಚೀಟಿಗಳ ಸಂಪುಟದಲ್ಲಿ ಅದೇ ಕೆಲಸವು ನಡೆದರೆ ಮೆಚ್ಚಿಕೊಳ್ಳುತ್ತೇವೆ.

ಇನ್ನು ಹಕ್ಕಿಯ ವಿಚಾರ. ಎರಡು ತಲೆಯ ಹಕ್ಕಿಯು ಕನ್ನಡನಾಡಿನ ಸ್ವಂತ ಸೊತ್ತಲ್ಲ. ಆಸ್ಟ್ರಿಯ ದೇಶದ ೧೮೫೦ರ ಮೊದಲ ಅಂಚೆಚೀಟಿಗಳಲ್ಲಿಯೂ, ರಷ್ಯದಲ್ಲಿ ೧೮೫೮ರಲ್ಲಿ ಬಳಕೆಗೆ ಬಂದ ಮೊದಲ ಚೀಟಿಗಳಲ್ಲಿಯೂ ಎರಡು ತಲೆಯ ಹದ್ದು ಇದೆ. ಅಕ್ಷರವನ್ನು ಓದಲಾರದವನ ಕೈಗೆ ರಷ್ಯದ ಮಾಸಿದ ಚೀಟಿಯೂ ಮೈಸೂರಿನ ಮಾಸಿದ ಚೀಟಿಯೂ ಒಟ್ಟಿಗೆ ಬಂದರೆ ಅವನು ದಿಕ್ಕುಗೆಡುವುದು ಸಹಜ. ಚಿತ್ರವನ್ನೇ ನೆಚ್ಚುವುದಾದರೂ ಸೂಕ್ಷ್ಮವಾಗಿ ನೋಡಬೇಕು: ಯೂರೋಪಿನ ಹದ್ದು ಕಾಲುಗಳಲ್ಲಿ ಸಾಮಾನ್ಯವಾಗಿ ರಾಜದಂಡವನ್ನೂ ಗೋಳವನ್ನೂ ಹಿಡಿದಿರುತ್ತದೆ, ವಿಜಯನಗರದ ಅಚ್ಯುತರಾಯನ ನಾಣ್ಯಗಳ ಗಂಡಭೇರುಂಡವು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದಿರುತ್ತದೆ. ಒಂದು ಅಧಿಕಾರದ ಸಾಮಗ್ರಿಯನ್ನು ತೋರಿಸುತ್ತದೆ, ಇನ್ನೊಂದು ಬಲವನ್ನೇ ತೋರಿಸುತ್ತದೆ. ವಿಜಯನಗರವೆಂದ ಮಾತ್ರಕ್ಕೆ ಗಂಡಭೇರುಂಡವೇ ಆ ಅರಸರ ರಾಜಮುದ್ರೆಯೆಂದೂ ತಿಳಿಯತಕ್ಕದ್ದಲ್ಲ. ಅವರ ತಾಮ್ರಶಾಸನಗಳ ಮುದ್ರೆಯಲ್ಲಿರುವುದು ವರಾಹ. ನಾಣ್ಯದ ಹಕ್ಕಿ ಬೇರೆ, ಮುದ್ರೆಯ ಹಂದಿ ಬೇರೆ.

ಈ ಹಕ್ಕಿಯ ಪ್ರಾಚೀನ ಕುರುಹುಗಳಲ್ಲಿ ಮುಖ್ಯವಾದುದು ಬಳ್ಳಿಗಾವೆಯ ಕಂಬ. ಕ್ರಿ. ಶ. ೧೦೪೭ರಲ್ಲಿ ಬನವಾಸಿಯನ್ನು ಆಳುತ್ತಿದ್ದ ಚಾವುಂಡರಾಯರಸನು ಶಿವಾಲಯವೊಂದರ ಮುಂದೆ ಅದನ್ನು ನಿಲ್ಲಿಸಿದನು. ಅಲ್ಲಿರುವ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ‘ಗಂಡಭೇರುಂಡ’ವೆಂಬುದು ಆ ಸಾಮಂತನ ಬಿರುದು. ಇಲ್ಲಿ ಸಾಹಿತ್ಯದ ಅಧ್ಯಾಪಕರು ಗಮನಿಸಬೇಕಾದ ಅಂಶವೊಂದಿದೆ. ‘ಗಂಡ’ ಎಂಬ ಶಬ್ದವು ಬಿರುದುಗಳಲ್ಲಿ ಶೂರ, ಎದುರಾಳಿಯನ್ನು ಮೆಟ್ಟಿದವನು ಎಂಬ ಅರ್ಥದಲ್ಲಿ ಬರುವುದು ನಮಗೆ ಚಿರಪರಿಚಿತ. ವಿಜಯನಗರದವರ ‘ಮೂರುರಾಯರ ಗಂಡ’, ಮೈಸೂರಿನವರ ‘ಬಿರುದೆಂತೆಂಬರ ಗಂಡ’ ಎಂಬುವನ್ನು ನೆನೆಯಬಹುದು. ಬಳ್ಳಿಗಾವೆಯಲ್ಲಿ ಮಾತಾಗಿದ್ದ ಬಿರುದೇ ಕಲ್ಲಿನಲ್ಲಿ ಮೂರ್ತಿಯಾಗಿ ನಿಂತಿದೆಯೆಂದು ತಿಳಿಯುವುದು ಸಂಗತ. ಚಿತ್ರವು ಶಬ್ದದ ಹಿಂದೆ ಬಂದುದು. ಚೀಟಿಯನ್ನು ಓದುವಾಗಲೂ ಇದೇ ಕ್ರಮವು ಹಿತವಾದುದು.

ಗಂಡಭೇರುಂಡಕ್ಕೆ ಮತಪರವಾದ ಅರ್ಥವನ್ನು ಹಚ್ಚುವವರೂ ಉಂಟು. ನರಸಿಂಹನನ್ನು ಅಡಗಿಸಲು ಶಿವನು ಶರಭನಾದನು. ಶರಭನನ್ನು ಅಡಗಿಸಲು ವಿಷ್ಣುವು ಗಂಡಭೇರುಂಡನಾದನು ಎಂಬುದು ಆ ಕಥೆ. ಮೈಸೂರಿನ ಚೀಟಿಯ ಹಕ್ಕಿಯನ್ನು ಈ ಕಥೆಯ ಬಲದಿಂದ ವೈಷ್ಣವಚಿಹ್ನೆಯೆಂದು ವಿವರಿಸುವ ಟಿಪ್ಪಣಿಗಳು ನಮ್ಮ ಕಣ್ಣಿಗೆ ಬಿದ್ದಿವೆ. ಹಾಗಾದರೆ ಬಳ್ಳಿಗಾವೆಯವನು ಶಿವಾಲಯದ ಮುಂದೆ ಅದನ್ನೇಕೆ ನಿಲ್ಲಿಸಿದನು? ಕೆಳದಿಯ ರಾಮೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಶೈವರಾದ ನಾಯಕರ ಶಿಲ್ಪಿಗಳು ಅದನ್ನೇಕೆ ಬಿಡಿಸಿದರು? ಲಾಂಛನವು ಒಮ್ಮೆ ಅರಸರ ಬಿರುದಾದ ಮೇಲೆ ಪುರಾಣಕಥೆಗೆ ಕಟ್ಟುಬಿದ್ದಿರುವುದಿಲ್ಲ. ಇದರ ಜೊತೆಗೆ, ಮೈಸೂರಿನ ರಾಜಚಿಹ್ನೆಯಲ್ಲಿ ಹಕ್ಕಿಯ ಇಕ್ಕೆಲದಲ್ಲಿ ನಿಂತಿರುವ ಆನೆಮೊಗದ ಸಿಂಹಗಳನ್ನು ಕೆಲವರು ‘ಶರಭ’ವೆಂದು ಕರೆಯುವರು. ಆ ಹೆಸರನ್ನು ಒಪ್ಪಿದರೆ, ವೈರಿಗಳೇ ಹಕ್ಕಿಗೆ ಕಾವಲುನಿಂತ ವಿಚಿತ್ರವನ್ನೂ ಒಪ್ಪಬೇಕಾಗುವುದು. ‘ಗಜಕೇಸರಿ’ ಎಂಬ ಹೆಸರಿರುವಾಗ ಈ ತೊಡಕು ನಮಗೆ ಬೇಕಿಲ್ಲ.

ಬಳ್ಳಿಗಾವೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದಿರಲಾಗದು. ಅಲ್ಲಿಯ ಶಾಸನಗಳಲ್ಲಿ ಭೂಮಿಯನ್ನು ಅಳೆಯಲು ‘ಭೇರುಂಡ’ದ ಹೆಸರಿನ ಅಳತೆಗೋಲೊಂದು ಉಕ್ತವಾಗಿದೆ, ಕಂಬದ ದಿಂಡಿನ ಉದ್ದವೇ ಆ ಅಳತೆಯೆಂದು ಬಿ. ಎಲ್. ರೈಸರು ಊಹಿಸಿದರು. ಹನ್ನೊಂದನೆಯ ಶತಮಾನದಲ್ಲಿ ಹೊಲವನ್ನು ಅಳೆದ ಹಕ್ಕಿಯು ಇಪ್ಪತ್ತನೆಯ ಶತಮಾನದಲ್ಲಿ ಹೊಲದ ಪತ್ರಕ್ಕೆ ಸಾಕ್ಷಿಯಾಗಿ ಕುಳಿತಿತು. ಅದನ್ನು ಅಂಚೆಯ ಹಕ್ಕಿಯನ್ನಾಗಿ ಮಾಡುವವರು ಈ ಭೂಸಂಬಂಧವನ್ನೇ ಅಳಿಸಿದಂತಾಗುವುದು.

ಭೂಮಿಯ ಮಾತು ಬಂದುದರಿಂದ, ಈ ಚೀಟಿಗಳ ಕಾಲನಿರ್ಣಯಕ್ಕೆ ಬೆಂಗಳೂರಿನ ಪಶ್ಚಿಮಭಾಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಇದಕ್ಕಿಂತ ಅನುಕೂಲವಾದ ಪ್ರದೇಶವು ಸಿಗುವುದು ಕಷ್ಟ. ಕೆಂಗೇರಿಯು ಮೈಸೂರಿನ ಹೆದ್ದಾರಿಯ ಮೇಲಿನ ಹಳೆಯ ಊರು. ಅಲ್ಲಿಯ ಹೊಲಗದ್ದೆಗಳ ಪತ್ರಗಳು ಮಹಾರಾಜರ ಆಳಿಕೆಗೆ ಸೇರತಕ್ಕವು. ರಾಜಾಜಿನಗರವು ೧೯೪೯ರ ಸುಮಾರಿನಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರ ಹೆಸರಿನಿಂದ ಆರಂಭವಾದ ಬಡಾವಣೆ. ಅರಸೊತ್ತಿಗೆಯು ಮುಗಿದು ಗಣರಾಜ್ಯವು ಮೊದಲಾಗುವ ಸಂಧಿಕಾಲವು ಅದರ ಹುಟ್ಟಿನ ಕಾಲ. ವಿಜಯನಗರ, ಬಸವೇಶ್ವರನಗರಗಳು ಅನಂತರದ ದಶಕಗಳಲ್ಲಿ ಬೆಳೆದುವು. ಮೈಸೂರು ರಸ್ತೆಯಿಂದ ಉತ್ತರಕ್ಕೆ ನಡೆದುಬಂದರೆ, ಭೂಗರ್ಭಶಾಸ್ತ್ರಜ್ಞನು ಬಂಡೆಯಲ್ಲಿ ಪದರಗಳನ್ನು ಕಾಣುವಂತೆ, ಮನೆಮನೆಯ ಪೆಟ್ಟಿಗೆಗಳಲ್ಲಿ ಪತ್ರಗಳ ಪದರಗಳು ದೊರೆಯಬೇಕು.

ಈ ಪದರಗಳನ್ನು ಹಕ್ಕಿಯಿಂದ ವಿಂಗಡಿಸಲಾಗುವುದೇ? ಸರ್ವಥಾ ಆಗುವುದಿಲ್ಲ. ಗಂಡಭೇರುಂಡವು ಮಹಾರಾಜರ ಚಿಹ್ನೆಯಾಗಿದ್ದುದು ೧೯೫೦ರಲ್ಲಿ ಹೋಗಲಿಲ್ಲ. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾದಾಗಲೂ ಹೋಗಲಿಲ್ಲ. ೧೯೭೩ರ ನವೆಂಬರ್ ೧ರಂದು ಮೈಸೂರು ರಾಜ್ಯವು ಕರ್ನಾಟಕವಾದಾಗಲೂ ಹೋಗಲಿಲ್ಲ. ಇಂದಿಗೂ ಅದು ರಾಜ್ಯದ ಲಾಂಛನದಲ್ಲಿದೆ, ಮೇಲೆ ಅಶೋಕಸ್ತಂಭದ ಸಿಂಹಗಳನ್ನು ಹೊತ್ತು. ಹಕ್ಕಿಯು ನಾಡನ್ನು ಹೇಳುತ್ತದೆ, ಕಾಲವನ್ನು ಹೇಳುವುದಿಲ್ಲ. ಕಾಲವನ್ನು ಹೇಳುವುದು ಹಕ್ಕಿಯ ಕಾಲಕೆಳಗಿನ ಬೆಲೆ. ಬೆಲೆಯು ಆಣೆಗಳಲ್ಲಿದ್ದರೆ ಚೀಟಿಯ ಅಚ್ಚು ೧೯೫೭ರ ಏಪ್ರಿಲ್ ೧ಕ್ಕೆ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ ಆ ದಿನಕ್ಕೂ ೧೯೬೪ರ ಜೂನ್ ೧ಕ್ಕೂ ನಡುವಿನ ನಾಣ್ಯಪದ್ಧತಿಯದು. ‘ಪೈಸೆ’ ಎಂದು ಮಾತ್ರ ಇದ್ದರೆ ಅನಂತರದ್ದು. ರಾಜ್ಯದ ಹೆಸರು ‘ಕರ್ನಾಟಕ’ವೆಂದಿದ್ದರೆ ೧೯೭೩ರ ಈಚಿನದೆಂಬುದು ಸ್ಪಷ್ಟ. ಹಳೆಯ ದಾಸ್ತಾನು ತೀರುವ ವರೆಗೆ ಹಳೆಯ ಚೀಟಿಯನ್ನು ಬಳಸುವುದು ಕಚೇರಿಗಳ ವಾಡಿಕೆಯಾದುದರಿಂದ, ಇವು ಅಚ್ಚಿನ ಕಾಲದ ಗಡಿಗಳು. ಬಳಕೆಯ ಕಾಲಕ್ಕೆ ಪತ್ರದ ಮೇಲಿನ ತಾರೀಖೇ ಪ್ರಮಾಣ. ಹಸ್ತಪ್ರತಿಯ ಲಿಪಿಯಿಂದ ಒಂದು ಕಾಲವೂ ಪ್ರತಿಕಾರನ ಗದ್ಯದಿಂದ ಇನ್ನೊಂದು ಕಾಲವೂ ತಿಳಿಯುವುದಿಲ್ಲವೇ? ಇದೂ ಹಾಗೆಯೇ. ಆದರೆ ಚೀಟಿಯನ್ನು ಕತ್ತರಿಸಿ ತೆಗೆದೊಡನೆ ಈ ಎರಡನೆಯ ಪ್ರಮಾಣವು ನಾಶವಾಗುತ್ತದೆ.

ರದ್ದುಮಾಡಿದ ಗುರುತನ್ನೂ ಓದಬೇಕು. ಬ್ರಿಟಿಷ್ ಇಂಡಿಯದ ಅರ್ಧಾಣೆ, ಒಂದಾಣೆಯ ಚೀಟಿಗಳ ಮೇಲೆ ೧೯೦೬ರಲ್ಲಿ ‘ಅಂಚೆ ಮತ್ತು ಸುಂಕ’ ಎಂಬ ಅರ್ಥದ ಇಂಗ್ಲಿಷ್ ಬರಹವು ಬಂದಿತು. ಎಂದರೆ ಒಂದೇ ಚೀಟಿಯು ಕಾಗದಕ್ಕೂ ಸಲ್ಲುವುದು, ರಸೀತಿಗೂ ಸಲ್ಲುವುದು. ೧೮೯೯ರ ಇಂಡಿಯದ ಸ್ಟಾಂಪು ಕಾನೂನಿನ ಪ್ರಕಾರ ೨೦ ರೂಪಾಯಿಗೆ ಮೀರಿದ ರಸೀತಿಗೆ ಒಂದಾಣೆಯ ಚೀಟಿಯು ಬೇಕಾಗಿತ್ತು. ಇಂತಹ ಚೀಟಿಯು ಅಂಚೆಗೆ ಹೋಯಿತೋ ಅಂಗಡಿಯ ಲೆಕ್ಕಕ್ಕೆ ಹೋಯಿತೋ ಎಂಬುದನ್ನು ಎಡ್ವರ್ಡ್ ದೊರೆಯ ಗಡ್ಡವು ಹೇಳಲಾರದು; ಮೇಲಿರುವುದು ದುಂಡನೆಯ ಅಂಚೆಮೊಹರೋ, ಸಾಲಿಗನ ಅಡ್ಡ ರುಜುವೋ ಎಂಬುದು ಹೇಳುತ್ತದೆ. ರುಜು ಬಿದ್ದ ಚೀಟಿಯನ್ನು ‘ಕೆಟ್ಟ ಪ್ರತಿ’ಯೆಂದು ಸಂಗ್ರಾಹಕನು ಎಸೆಯುತ್ತಾನೆ. ನಮಗೆ ಬೇಕಾದುದು ಅದೇ: ಕನ್ನಡದಲ್ಲಿ ಬರೆದ ಅಡ್ಡ ರುಜು, ಹೆಬ್ಬೆಟ್ಟಿನ ಗುರುತು, ‘ಬರೆದವನು’ ಎಂದು ಕೆಳಗೆ ನಿಂತ ಹೆಸರು.

ಚಿತ್ರದ ಕೆಳಗಿನ ಅಥವಾ ಪಟ್ಟಿಯೊಳಗಿನ ಹೆಸರನ್ನಾದರೂ ನಂಬಬಹುದೇ ಎಂದರೆ, ಅದನ್ನೂ ಪರೀಕ್ಷಿಸಿ ನಂಬಬೇಕು. ಹೈದರಾಬಾದಿನ ನಿಜಾಮರ ಸರ್ಕಾರವು ೧೯೩೧ರಲ್ಲಿ ಹೊರಡಿಸಿದ ಚಿತ್ರಮಾಲೆಯ ೧೨ ಆಣೆಯ ಚೀಟಿಯನ್ನು ಪಟ್ಟಿಗಳು ‘ಬೀದರ್ ಕಾಲೇಜು’ ಎಂದು ಕರೆಯುತ್ತವೆ. ಅದನ್ನು ಓದಿದವರು ಇಪ್ಪತ್ತನೆಯ ಶತಮಾನದ ಯಾವುದೋ ವಿದ್ಯಾಶಾಲೆಯೆಂದು ತಿಳಿದರೆ ಅವರ ತಪ್ಪೇನೂ ಇಲ್ಲ. ಅದು ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸ. ಬಿಜಾಪುರದ ಗೋಲಗುಮ್ಮಟವು ಸ್ವತಂತ್ರ ಭಾರತದ ಪ್ರಾಚ್ಯಶಿಲ್ಪಮಾಲೆಯ ೬ ಆಣೆಯ ಚೀಟಿಯಲ್ಲಿ ೧೯೪೯ರ ಆಗಸ್ಟ್ ೧೫ರಂದು ಬಂದಿತು. ಗವಾನನ ಮದರಸವು ಅದಕ್ಕಿಂತ ಹದಿನೆಂಟು ವರ್ಷ ಮೊದಲೇ ಬಂದಿದೆ. ಆಗ ಬೀದರು ನಿಜಾಮರದು, ೧೯೪೯ರಲ್ಲಿ ಬಿಜಾಪುರವು ಬೊಂಬಾಯಿ ಪ್ರಾಂತದ್ದು. ಎರಡೂ ಕನ್ನಡನಾಡಿನ ಕಟ್ಟಡಗಳು. ಹೊರಡಿಸಿದ ಅಧಿಕಾರಗಳಲ್ಲಿ ಯಾವುದೂ ಕನ್ನಡನಾಡಿನದಲ್ಲ. ಚೀಟಿಯ ಚಿತ್ರವು ಯಾವ ಊರಿನದು ಎಂಬ ಪ್ರಶ್ನೆಯೂ ಚೀಟಿಯು ಯಾವ ನಾಡಿನದು ಎಂಬ ಪ್ರಶ್ನೆಯೂ ಬೇರೆಬೇರೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ.

ಅದೇ ೧೯೪೯ರ ಮಾಲೆಯಲ್ಲಿ ಇನ್ನೊಂದು ಪ್ರಸಿದ್ಧ ಪ್ರಸಂಗವಿದೆ. ೧ ಆಣೆಯ ಚೀಟಿಯ ಬೋಧಿಸತ್ತ್ವನ ಚಿತ್ರವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಚ್ಚಾಯಿತು. ಚಾಚಿದ ಬಲಗೈ ಎಡಗೈಯಾಯಿತು. ೧೯೫೦ರ ಜುಲೈ ತಿಂಗಳಲ್ಲಿ ಸರಿಪಡಿಸಿದ ಚೀಟಿಯು ಹೊರಟಿತು. ಚೀಟಿ ಕೂಡಿಸುವವರಿಗೆ ಇದು ಎರಡು ಪ್ರಭೇದಗಳ ಬೆಲೆಯ ವಿಷಯ. ಭಾರತೀಯ ಶಿಲ್ಪವನ್ನು ಬಲ್ಲವರಿಗೆ ವಿಷಯವು ಬೇರೆ: ನಮ್ಮ ಮೂರ್ತಿಗಳಲ್ಲಿ ಅಭಯ, ಭೂಸ್ಪರ್ಶ ಮುಂತಾದ ಮುದ್ರೆಗಳು ಬಲಗೈಗೆ ಸೇರಿದವು, ಕೈ ಬದಲಾದರೆ ಅರ್ಥವೇ ಕೆಡುತ್ತದೆ. ೧೮೫೪ರ ೪ ಆಣೆಯ ಚೀಟಿಯಲ್ಲಿ ವಿಕ್ಟೋರಿಯಳ ತಲೆಯು ಕೆಲವು ಪ್ರತಿಗಳಲ್ಲಿ ತಲೆಕೆಳಗಾಗಿರುವುದನ್ನು ಯಾರಾದರೂ ಕಂಡುಹಿಡಿಯಬಹುದು. ಬೋಧಿಸತ್ತ್ವನ ಕೈಯನ್ನು ಕಂಡುಹಿಡಿಯಲು ಸಂಪ್ರದಾಯಜ್ಞಾನವು ಬೇಕು. ಬಲಮುರಿ ಶಂಖವನ್ನು ಕೆತ್ತುವವನು ಹೀಗೆಯೇ ಮೈಮರೆತರೆ ಅಪೂರ್ವವಾದ ಶಂಖವು ಸಾಮಾನ್ಯ ಶಂಖವಾಗಿಬಿಡುವುದು. ಲಾಂಛನಗಳನ್ನು ಗುರುತಿಸುವ ಕೆಲಸದಲ್ಲಿ ಶಿಲ್ಪಶಾಸ್ತ್ರಜ್ಞರಿಗೂ ಸಾಹಿತ್ಯಜ್ಞರಿಗೂ ಪಾಲು ಇರಬೇಕೆನ್ನುವುದು ಇದಕ್ಕಾಗಿಯೇ.

ಕಣ್ಣಿಗೆ ಕಾಣದ ಲಾಂಛನಗಳೂ ಉಂಟು. ಇಂಡಿಯದ ಚೀಟಿಗಳ ಕಾಗದದಲ್ಲಿ ೧೮೬೫ರಿಂದ ಆನೆಯ ತಲೆಯ ನೀರಚ್ಚು, ೧೮೮೨ರಿಂದ ನಕ್ಷತ್ರದ ನೀರಚ್ಚು, ೧೯೨೬ರಿಂದ ಒತ್ತಾದ ನಕ್ಷತ್ರಗಳ ನೀರಚ್ಚು, ೧೯೫೮ರಿಂದ ಅಶೋಕಸ್ತಂಭದ ನೀರಚ್ಚು ಬಂದವು. ಬೆಳಕಿಗೆ ಹಿಡಿದರೆ ಕಾಣುವ ಈ ಚಿಹ್ನೆಗಳು ಭೂಷಣಕ್ಕಾಗಿ ಮಾಡಿದವಲ್ಲ, ಕಳ್ಳ ಅಚ್ಚನ್ನು ತಡೆಯಲು ಮಾಡಿದವು. ಅವುಗಳಲ್ಲಿ ಪುರಾಣವನ್ನು ಹುಡುಕುವುದು ವ್ಯರ್ಥ. ಕಾಲವನ್ನು ಹುಡುಕಿದರೆ ಸಿಗುತ್ತದೆ. ಆನೆಯ ತಲೆಯನ್ನು ಕಂಡೊಡನೆ ಗಣಪತಿಯನ್ನು ನೆನೆದ ಲೇಖನವೊಂದನ್ನು ನಾವು ಓದಿದುದುಂಟು.

ಇದಕ್ಕೆಲ್ಲ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಸಂಗ್ರಾಹಕರು ಕೂಡಿಸದೆ ಇದ್ದಿದ್ದರೆ ಈ ಚೀಟಿಗಳಾದರೂ ಉಳಿಯುತ್ತಿದ್ದುವೇ? ಆಕ್ಷೇಪವು ನ್ಯಾಯವಾದುದು. ಸಂಸ್ಥಾನಗಳ ನ್ಯಾಯಶುಲ್ಕ ಮತ್ತು ಸುಂಕದ ಚೀಟಿಗಳ ಬಗ್ಗೆ ಕೆಪ್ಪೆಲ್ ಮತ್ತು ಮ್ಯಾನರ್ಸ್ ಎಂಬಿಬ್ಬರು ಮಾಡಿದ ದೊಡ್ಡ ಪಟ್ಟಿಯು ಸಂಗ್ರಾಹಕರ ಶ್ರಮದ ಫಲವೇ. ಅಂಚೆಚೀಟಿಗೂ ಸುಂಕದ ಚೀಟಿಗೂ ಇರುವ ಭೇದವನ್ನು ಅವರು ಗ್ರಂಥದ ಹೆಸರಿನಲ್ಲಿಯೇ ಎತ್ತಿಹೇಳಿದರು. ನಾವು ಆಕ್ಷೇಪಿಸುವುದು ಸಂಗ್ರಹವನ್ನಲ್ಲ, ಕತ್ತರಿಯನ್ನು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ನಕಲಿ ಛಾಪಾಕಾಗದದ ದೊಡ್ಡ ಮೋಸವು ಬಯಲಾದ ಮೇಲೆ ನಮ್ಮ ರಾಜ್ಯದಲ್ಲಿ ಛಾಪಾಕಾಗದದ ಸ್ಥಾನಕ್ಕೆ ಇ-ಸ್ಟಾಂಪು ಬಂದಿತು. ಹಳೆಯ ಪತ್ರಗಳ ಛಾಯೆಯನ್ನು ಯಂತ್ರದಲ್ಲಿ ತೆಗೆದಿಟ್ಟು ಮೂಲವನ್ನು ‘ಇನ್ನೇಕೆ?’ ಎಂದು ಬಿಡುವ ಮನೋಭಾವವೂ ಬೆಳೆಯಿತು. ಛಾಯೆಯಲ್ಲಿ ನೀರಚ್ಚು ಬಾರದು, ಕಾಗದದ ನಾರು ಬಾರದು, ಒತ್ತಿದ ಮುದ್ರೆಯ ತಗ್ಗು ಬಾರದು.

ಆ ಪತ್ರಗಳಲ್ಲಿ ಇರುವುದಾದರೂ ಏನು? ಎಲ್ಲಕ್ಕಿಂತ ಮಿಗಿಲಾಗಿ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಇಂಥ ದೇವರ ಗುಡಿಯ ಇನಾಮು ಎಂದು ನಾಲ್ಕು ದಿಕ್ಕುಗಳನ್ನು ಹೇಳುವ ಆ ವಾಕ್ಯಗಳು ಶಾಸನಗಳ ಸೀಮಾವರ್ಣನೆಯ ನೇರವಾದ ಸಂತತಿ. ರಾಜಾಜಿನಗರದ ಕೆಳಗೆ ಕೇತಮಾರನಹಳ್ಳಿ ಇದೆ. ಬಸವೇಶ್ವರನಗರದ ಮಗ್ಗುಲಲ್ಲಿ ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿಗಳಿವೆ. ವಿಜಯನಗರದೊಡನೆ ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿಗಳು ಬೆರೆತುಹೋಗಿವೆ. ಹಳ್ಳಿಗಳ ಹೆಸರಾದರೂ ಬಸ್ಸಿನ ನಿಲ್ದಾಣಗಳಲ್ಲಿ ಉಳಿದಿವೆ. ಅವುಗಳ ಕಟ್ಟೆ, ಕುಂಟೆ, ತೋಪು, ಕಣಗಳ ಹೆಸರುಗಳು ಉಳಿಯಬೇಕಾದುದು ಈ ಪತ್ರಗಳಲ್ಲಿ. ಸಂಸ್ಕೃತದ ಆರಂಭವಾಕ್ಯ, ಕನ್ನಡದ ಕ್ರಿಯಾಪದ, ನಡುವೆ ತಾರೀಖು, ಖಾತೆ, ಜಮೀನು, ವಾರಸುದಾರ ಮುಂತಾದ ಪಾರಸೀ ಅರಬ್ಬೀ ಮೂಲದ ಮಾತುಗಳು—ಈ ಗದ್ಯದ ಶೈಲಿಯನ್ನು ನಮ್ಮ ಗದ್ಯಚರಿತ್ರೆಗಳು ಅಷ್ಟಾಗಿ ಗಣಿಸಿಲ್ಲ. ಪತ್ರದ ತಲೆಯಲ್ಲಿ ಹಕ್ಕಿ, ಮಧ್ಯದಲ್ಲಿ ಈ ಗದ್ಯ, ಕೆಳಗೆ ಸಾಕ್ಷಿಗಳ ರುಜು: ಮೂರೂ ಒಂದೇ ಹಾಳೆಯಲ್ಲಿರುವಾಗ ಮಾತ್ರ ಹಕ್ಕಿಗೆ ಅರ್ಥವುಂಟು.

ಆದುದರಿಂದ ಇಂತಹ ಚೀಟಿಯನ್ನು ಸಂಪುಟದಲ್ಲಿ ಸೇರಿಸುವವರು ಅದರ ಕೆಳಗೆ ಬರೆಯುವ ಹೆಸರು ಹೀಗಿರತಕ್ಕದ್ದು: ಮೊದಲು ಉಪಯೋಗ—ಅಂಚೆಯೋ, ನ್ಯಾಯಶುಲ್ಕವೋ, ಪತ್ರದ ಸುಂಕವೋ, ರಸೀತಿಯೋ, ಆಮೇಲೆ ಹೊರಡಿಸಿದ ಸರ್ಕಾರ, ಆಮೇಲೆ ಬೆಲೆ ಮತ್ತು ನಾಣ್ಯಪದ್ಧತಿ, ಆಮೇಲೆ ರದ್ದಿನ ಗುರುತು ಮತ್ತು ತಾರೀಖು, ಕಟ್ಟಕಡೆಗೆ ಲಾಂಛನ. ಕಾಲೇಜುಗಳ ಕನ್ನಡ ವಿಭಾಗಗಳವರು ತಮ್ಮ ವಿದ್ಯಾರ್ಥಿಗಳಿಗೆ ಹಸ್ತಪ್ರತಿಯೊಂದನ್ನು ಒದಗಿಸಿಕೊಡಲು ಕಷ್ಟಪಡುತ್ತಾರೆ. ರಾಜಾಜಿನಗರದಿಂದ ಕೆಂಗೇರಿಯ ವರೆಗಿನ ಮನೆಗಳಿಂದ ಬರುವ ವಿದ್ಯಾರ್ಥಿಗಳು, ಮನೆಯ ಹಿರಿಯರ ಅನುಮತಿ ಪಡೆದು, ಒಂದೊಂದು ಹಳೆಯ ಪತ್ರದ ಚಕ್ಕುಬಂದಿಯನ್ನು ಅಕ್ಷರಶಃ ನಕಲುಮಾಡಿ, ಅಂಟಿಸಿದ ಚೀಟಿಯ ವಿವರವನ್ನು ಮೇಲ್ಕಂಡ ಕ್ರಮದಲ್ಲಿ ಬರೆದು ತಂದರೆ, ಪಾಠಪರಿಷ್ಕರಣದ ಅಭ್ಯಾಸಕ್ಕೆ ಬೇಕಾದ ಸಾಮಗ್ರಿಯು ಒಂದೇ ವರ್ಷದಲ್ಲಿ ಕೈಸೇರುವುದು. ನಕಲು ಮಾಡುವಾಗ ಚೀಟಿಯನ್ನು ಕೀಳದಿರುವಂತೆ ಅವರಿಗೆ ಮೊದಲೇ ಹೇಳಿಡಬೇಕು.